ಹೊಂಬಾಳಮ್ಮನ ಸಾವಿಗೆ ಬಂದ ರಾಗ

ಚಿಕ್ಕನಂಜಮ್ಮನಿಗೆ ಹಾಡಿನ ಹುಚ್ಚು ಯಾವಾಗ ಹಿಡಿಯಿತು ಎಂದು ಕೇಳಿದರೆ ಅವಳ ತವರಿನವರು ನಕ್ಕುಬಿಡುತ್ತಿದ್ದರು. ಅದು ಬಿಟ್ಟಿದ್ದ ದಿನ ಯಾವುದು ಅಂತ ಬೇಕಾದರೆ ಕೇಳಿ, ಯೋಚನೆ ಮಾಡಿ ಹೇಳುತ್ತೇವೆ ಎನ್ನುತ್ತಿದ್ದರು. ಮಳವಳ್ಳಿ ಕಡೆಯ ಹುಡುಗಿ. ಎಂಟು ವರ್ಷದವಳಿದ್ದಾಗ, ತಂಬೂರಿ ಹಿಡಿದು ಮನೆ ಮುಂದೆ ಹಾಡಲು ಬಂದ ನೀಲಗಾರರ ಬೆನ್ನು ಹತ್ತಿ ಮೂರು ಊರು ದಾಟಿ ಹೋಗಿದ್ದಳು. ಅಪ್ಪ ದೊಡ್ಡಸಿದ್ದಯ್ಯ ಹುಡುಕಿಕೊಂಡು ಹೋಗಿ, ಕೆರೆ ಏರಿಯ ಮೇಲೆ ಹಿಡಿದು ನಾಲ್ಕು ಬಾರಿಸಿದರೆ, ಏಟು ತಿನ್ನುತ್ತಲೇ "ತಡಿಯಪ್ಪೋ, ಇನ್ನೊಂದ್ ಚೂರದೆ, ಕೇಳ್ಕೊಂಡ್ ಬತ್ತೀನಿ" ಅಂದಳಂತೆ. ಇಂಥವಳನ್ನು ಏನು ಮಾಡುವುದು ಹೇಳಿ!

ಹಳೆಯ ಹಾಡುಗಳ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದಲ್ಲ. ಆದರೆ ಹೊಸದೊಂದು ಕಿವಿಗೆ ಬಿತ್ತೋ, ಮುಗಿಯಿತು. ಎದ್ದರೆ ಅದೇ, ಕೂತರೆ ಅದೇ. ಬೀಸುವ ಕಲ್ಲಿನ ಮುಂದೆ ಅದೇ, ಸಗಣಿ ಬಾಚುವಾಗಲೂ ಅದೇ. ಎರಡು ಮೂರು ತಿಂಗಳು ಮನೆಯವರ ತಲೆ ಚಿಟ್ಟು ಹಿಡಿಸಿ, ಅದರ ರುಚಿ ತೀರಿದ ಮೇಲೆ ಇನ್ನೊಂದರ ದಾರಿ ಕಾಯುತ್ತಿದ್ದಳು. ಆ ತಿಂಗಳುಗಳಲ್ಲಿ ಸಾರಿಗೆ ಉಪ್ಪು ಎರಡು ಸಲ ಬೀಳುವುದು, ಮುದ್ದೆಯಲ್ಲಿ ಹಸಿ ಹಿಟ್ಟು ಗಂಟು ಗಂಟಾಗಿ ಸಿಗುವುದು ಮಾಮೂಲು. ಅವಳವ್ವ ಹಣೆ ಚಚ್ಚಿಕೊಂಡು, "ನಿನ್ನ ಕಟ್ಕಂಡೋನು ಹಸ್ಕಂಡು ಸಾಯ್ತಾನೆ ಕಣೆ" ಎನ್ನುತ್ತಿದ್ದಳು.

ಕಟ್ಟಿಕೊಂಡವನು ಹುಣಸೆಕೊಪ್ಪಲಿನ ಅಂಕಯ್ಯ. ಬೆಂಗಳೂರು ಮೈಸೂರು ರಸ್ತೆಯ ನಿಡಘಟ್ಟದಿಂದ ಎರಡು ಮೈಲಿ ಒಳಗಿನ ಊರು, ನಲವತ್ತು ಮನೆ. ಅಂಕಯ್ಯ ಹಸಿದುಕೊಂಡು ಸಾಯಲಿಲ್ಲ. ಮಾತು ಕಡಿಮೆ, ತಾಳ್ಮೆ ಜಾಸ್ತಿ. ಗಂಟಿದ್ದ ಮುದ್ದೆಯನ್ನು ಗಂಟು ಬಿಟ್ಟು ತಿನ್ನುವುದನ್ನು ಕಲಿತ. ಚಿಕ್ಕನಂಜಮ್ಮನ ಅದೃಷ್ಟ ಖುಲಾಯಿಸಿದ್ದು ಗಂಡನಿಂದಲ್ಲ, ಅತ್ತೆ ಹೊಂಬಾಳಮ್ಮನಿಂದ. ಯಾಕೆಂದರೆ ಹೊಂಬಾಳಮ್ಮ ಸುತ್ತ ನಾಲ್ಕೂರಿಗೆ ಸೋಬಾನೆಯ ಮುಂದಾಳು. ಮದುವೆಯಲ್ಲಿ ಹೆಣ್ಣು ಗಂಡನ್ನು ಹಸೆಗೆ ಕರೆಯುವಾಗ ಅವಳು ಎತ್ತಿಕೊಟ್ಟರೆ ಮಿಕ್ಕ ಹೆಂಗಸರು ಹಿಂದಿನಿಂದ ಹೇಳಬೇಕು. ಸೊಸೆಯ ಗಂಟಲನ್ನು ಮದುವೆಯ ಮೂರನೇ ದಿನವೇ ಕೇಳಿಸಿಕೊಂಡು, "ಚಲುವಿ ಹೊಟ್ಟೇಲಿ ಹುಟ್ಟಿದ್ಲು, ನೀನು ಗಂಟ್ಲಲ್ಲಿ ಹುಟ್ಟಿದ್ದೀಯ ಕಣವ್ವ ನಂಗೆ" ಅಂದುಬಿಟ್ಟಳು. ಚಲುವಿ ಎಂದರೆ ಚಲುವಮ್ಮ, ಮದ್ದೂರಿಗೆ ಕೊಟ್ಟಿದ್ದ ಒಬ್ಬಳೇ ಮಗಳು. ಅವಳ ಗಂಟಲು ಒಡಕು. ತಾಯಿ ಆಡಿದ ಆ ಮಾತು ಅವಳಿಗೂ ಹೋಗಿ ಮುಟ್ಟಿತ್ತು, ಅದು ಬೇರೆ ವಿಷಯ.

ಹೊಂಬಾಳಮ್ಮ ಮದುವೆಗೆ ಹೇಗೋ ಸಾವಿಗೂ ಹಾಗೇ. ಆ ಕಡೆ ಯಾರಾದರೂ ಹೋದರೆ ಹೆಣವನ್ನು ಮೀಯಿಸಿ ಜಗುಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಹೆಂಗಸರು ಸುತ್ತ ಕೂತು ಹೇಳಿಕೊಂಡು ಅಳುತ್ತಾರೆ. ಸುಮ್ಮನೆ ಗೋಳಾಡುವುದಲ್ಲ ಅದು. ಸತ್ತವರು ಏನು ಮಾಡಿದರು, ಯಾರಿಗೆ ಉಣ್ಣಲಿಕ್ಕಿದರು, ಯಾವ ಕಷ್ಟ ದಾಟಿದರು, ಎಲ್ಲವನ್ನೂ ರಾಗದಲ್ಲಿ ಕಟ್ಟಿ ಹೇಳಬೇಕು. ಒಬ್ಬಳು ಎತ್ತಿಕೊಡುತ್ತಾಳೆ, ಸಾಲಿನ ಕೊನೆಯ ಅರ್ಧವನ್ನು ಉಳಿದವರು ಹಿಡಿದು ಎಳೆಯುತ್ತಾರೆ. ರಾಗ ಒಂದೇ, ಯಾವ ಕಾಲದ್ದೋ ಏನೋ. ಮೇಲಕ್ಕೆ ಹೋಗುವುದಿಲ್ಲ, ಕುಣಿಯುವುದಿಲ್ಲ. ಒಂದು ಕಡೆ ನಿಂತು ಕಂಪಿಸಿ ಮೆಲ್ಲಗೆ ಇಳಿಯುತ್ತದೆ. ಅದನ್ನು ಸರಿಯಾಗಿ ನಿಲ್ಲಿಸುವ ಗಂಟಲು ನಾಲ್ಕೂರಲ್ಲಿ ಒಂದಿತ್ತು. ಈಗ ಎರಡಾಯಿತು.

ಒಂದು ದಿನ ರಾಗಿ ಕುಟ್ಟುತ್ತ ಹೊಂಬಾಳಮ್ಮ ಇದ್ದಕ್ಕಿದ್ದಂತೆ ಒನಕೆ ನಿಲ್ಲಿಸಿದಳು.

"ನಂಜಿ, ನಾನು ಸತ್ತಾಗ ನೀನೇ ಎತ್ಕೊಡ್ಬೇಕು ಕಣೆ. ಚಲುವಿ ಕೈಲಾಗಲ್ಲ."

"ಬುಡ್ತು ಅನ್ನವ್ವ! ರಾಗಿ ಕುಟ್ಟೋ ಹೊತ್ತಲ್ಲಿ ಇದೇನು ಮಾತು?"

"ಬುಡ್ತು ಗಿಡ್ತು ಏನಿಲ್ಲ. ಹೆಂಗೆ ಅಳ್ತೀಯ, ಒಂದ್ಸಲ ಹೇಳು ಕೇಳಾನ."

ಅಯ್ಯೋ, ಬದುಕಿರುವ ಅತ್ತೆಯ ಮುಂದೆ ಕೂತು ಅವಳ ಸಾವಿಗೆ ಅತ್ತು ತೋರಿಸುವುದೇ! ಚಿಕ್ಕನಂಜಮ್ಮ ಮೊದಲು ನಕ್ಕಳು, ಆಮೇಲೆ ನಾಚಿಕೊಂಡಳು, ಕೊನೆಗೆ ಸೆರಗು ಮುಖಕ್ಕೆ ಎಳೆದುಕೊಂಡು ಹೇಳಿದಳು. ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು, ತಪ್ಪು ತಿದ್ದಿದಳು. "ಪಿಳೇಗು ಬಂದಾಗ ಊರಾಚೆ ಗುಡ್ಲಲ್ಲಿ ಮೂರು ಮನೆ ಮಕ್ಕಳಿಗೆ ಅಂಬ್ಲಿ ಕಾಯ್ಸಿ ಕುಡಿಸ್ದೆ, ಅದ ಬುಟ್ಟೆ. ಸೇರ್ಸು. ನನ್ನ ಮೂಗುತಿ ವಿಷಯ ಬ್ಯಾಡ, ಅದ್ರಲ್ಲೇನದೆ? ಅಲ್ಲಿ ಇಳೀಬ್ಯಾಡ, ಅಲ್ಲೇ ನಿಲ್ಲು. ಹೂಂ, ಈಗಿಳಿ." ಅಂದಿನಿಂದ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಈ ಅಭ್ಯಾಸ ನಡೆಯುತ್ತಿತ್ತು. ಪಕ್ಕದ ಮನೆಯ ಪಟ್ಟಲಮ್ಮ, ಹೊಂಬಾಳಮ್ಮನ ವಾರಗಿತ್ತಿ, ಗೋಡೆಯಾಚೆಯಿಂದ "ಇವತ್ತೂ ಸತ್ಯೇನಕ್ಕ?" ಅಂತ ಕೂಗಿ ಕೇಳುತ್ತಿದ್ದಳು. ಮೂವರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುತ್ತಿದ್ದರೂ ಅದು ಮಾತು ಕೊಟ್ಟ ಹಾಗೇ. ಅತ್ತೆಯ ಸಾವಿಗೆ ಅತ್ತೆ ಒಪ್ಪಿದಂತೆ ಅಳುತ್ತೇನೆ ಎಂದು ಚಿಕ್ಕನಂಜಮ್ಮ ಮಾತು ಕೊಟ್ಟಿದ್ದಳು.

ಎರಡನೇ ಮಹಾಯುದ್ಧದ ಮೂರನೇ ವರ್ಷ ನಿಡಘಟ್ಟದ ರಸ್ತೆ ಬದಿಯಲ್ಲಿ ಒಂದು ಹೋಟೆಲು ಶುರುವಾಯಿತು. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಕಾಲ. ಓಡುತ್ತಿದ್ದವು ಎನ್ನುವುದು ದೊಡ್ಡ ಮಾತು. ನಿಡಘಟ್ಟಕ್ಕೆ ಬರುವ ಹೊತ್ತಿಗೆ ಉಬ್ಬಸ ಹತ್ತಿ ನಿಂತುಬಿಡುತ್ತಿದ್ದವು. ಕ್ಲೀನರು ಇಳಿದು ಬಸ್ಸಿನ ಹಿಂದೆ ಕಟ್ಟಿದ್ದ ಒಲೆಯಂಥ ಉರುಳೆಗೆ ಇದ್ದಲು ತುಂಬಿ, ತಿದಿ ತಿರುಗಿಸಿ ತಿರುಗಿಸಿ ಬೆಂಕಿ ಮಾಡುವುದರೊಳಗೆ ಅರ್ಧ ಗಂಟೆ. ಆ ಅರ್ಧ ಗಂಟೆ ಜನ ಹೋಟೆಲಿಗೆ ಬರಲಿ ಅಂತ ಹೋಟೆಲಿನ ಅಯ್ನೋರು ಮೈಸೂರಿನಿಂದ ಒಂದು ಗ್ರಾಮಾಫೋನು ತಂದಿಟ್ಟರು. ಪ್ಲೇಟು ಇದ್ದದ್ದು ಮೂರು. ಎರಡು ದೇವರ ನಾಮ. ಮೂರನೆಯದು ನಾಟಕದ ಹಾಡು.

ಚಿಕ್ಕನಂಜಮ್ಮ ದಿನಾ ಬೆಳಿಗ್ಗೆ ಆ ಹೋಟೆಲಿಗೆ ಮೊಸರು ಹೊತ್ತು ಹಾಕುತ್ತಿದ್ದಳು. ಹೆಂಗಸರು ಮುಂಬಾಗಿಲಿಗೆ ಹೋಗುವ ಹಾಗಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಮಡಕೆ ಇಳಿಸಿ, ಅಳೆದು ಕೊಟ್ಟು, ಸೌದೆ ರಾಶಿಯ ಪಕ್ಕ ಸಿಂಬಿ ಸರಿಮಾಡಿಕೊಳ್ಳುತ್ತ ನಿಂತಿದ್ದ ಒಂದು ದಿನ ಒಳಗಿನಿಂದ ಹೆಣ್ಣಿನ ದನಿ ಬಂತು.

"ಸಂಜೆಗೆ ಬಂದೆಯಾ, ಸಂಪಿಗೆ ಎಲ್ಲೋ... ಬರಿಗೈಲಿ ಬಂದರೆ ಬಾಗಿಲು ಇಲ್ಲೋ..."

ಹೂವು ತರಲು ಮರೆತ ಗಂಡನನ್ನು ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಕಾಡುವ ಹಾಡು. ಆ 'ಎಲ್ಲೋ' ಇತ್ತಲ್ಲ, ಅಲ್ಲಿ ದನಿ ಮೇಲೆ ಹತ್ತಿ, ಮೂರು ಸಲ ಬಳುಕಿ, ಕೆಳಗೆ ಬೀಳುವಾಗ ಗಂಟಲಲ್ಲೇ ಸಣ್ಣದೊಂದು ನಗು ಕತ್ತರಿಸಿದ ಹಾಗೆ ಬರುತ್ತಿತ್ತು. ಚಿಕ್ಕನಂಜಮ್ಮ ಮೈ ಜುಮ್ಮೆಂದು ನಿಂತಲ್ಲೇ ನಿಂತಳು. ಅವಳಿಗೆ ಆಗ ಮೂವತ್ತೆರಡು ವರ್ಷ, ಎರಡು ಮಕ್ಕಳ ತಾಯಿ. ಎದೆ ಮಾತ್ರ ಕೆರೆ ಏರಿಯ ಮೇಲಿನ ಹುಡುಗಿಯ ಹಾಗೆ ಹೊಡೆದುಕೊಂಡಿತು. ಪ್ಲೇಟು ಮುಗಿದು ಕರಕರ ಅಂದಾಗ, ಒಳಗೆ ಯಾರೋ ಪುಣ್ಯಾತ್ಮ "ಇನ್ನೊಂದ್ಸಲ ಹಾಕ್ರೀ ಸ್ವಾಮಿ" ಅಂದ. ಅವನ ಮುಖ ನೋಡದೆಯೇ ಅವನಿಗೆ ಕೈಮುಗಿದಳು.

ಆಮೇಲೆ ಏನು ಕೇಳುತ್ತೀರಿ. ಮೊಸರು ಕೊಟ್ಟು ಹೊತ್ತೇರುವ ಮುಂಚೆ ಮನೆಗೆ ಬರುತ್ತಿದ್ದವಳು ಬಸ್ಸಿಗಾಗಿ ಕಾಯತೊಡಗಿದಳು. ಬಸ್ಸು ಬಂದರೆ ಪ್ಲೇಟು ಹಾಕುತ್ತಾರೆ. ಬಸ್ಸು ಬೇಗ ಹೊರಟರೆ ಕ್ಲೀನರನಿಗೆ ಮನಸ್ಸಲ್ಲೇ ಶಾಪ ಹಾಕುತ್ತಿದ್ದಳು. ದೇವರ ನಾಮ ಹಾಕಿದ ದಿನ ದೇವರ ಮೇಲೆ ಸಿಟ್ಟು. ದಾರಿಯುದ್ದಕ್ಕೂ ಅದೇ ಹಾಡು, ಮನೆಯಲ್ಲಿ ಅತ್ತೆಗೂ ಗೋಡೆಯಾಚೆಗೂ ಕೇಳದಷ್ಟು ಸಣ್ಣಗೆ ಅದೇ ಗುನುಗು. ಎರಡನೇ ಚರಣದ ಒಂದು ಬಳುಕು ಬಾಯಿಗೆ ಕೂರದೆ ಹದಿನೈದು ದಿನ ಸತಾಯಿಸಿತು. ಕೂತ ದಿನ ಖುಷಿಗೆ ಎಮ್ಮೆಯ ಕೊರಳು ತಬ್ಬಿಕೊಂಡಳು. ಅಂಕಯ್ಯ ಉಣ್ಣುತ್ತ ಕೂತಾಗ ಅವನ ಮುಂದೆಯೇ "ಬರಿಗೈಲಿ ಬಂದರೆ" ಎಂದು ಎತ್ತಿದರೆ ಅವನು ತಲೆ ಎತ್ತದೆ, "ಸಾರು ಹಾಕು" ಎನ್ನುತ್ತಿದ್ದ.

ತಡವಾಗಿ ಬಂದ ದಿನಗಳಲ್ಲಿ ಅತ್ತೆ ಕೇಳಿದರೆ ಸುಳ್ಳು ಹೇಳಿದಳು. "ಅಯ್ನೋರು ಮಡ್ಕೆ ಕೊಡೋದು ತಡ ಮಾಡ್ಬುಟ್ರು ಕಣವ್ವ." ಹೊಂಬಾಳಮ್ಮನಿಗೆ ಸುಳ್ಳು ಹೇಳಿದ್ದು ಅದೇ ಮೊದಲು. ಸಂಕ್ರಾಂತಿಯ ಹಿಂದೆ ಮುಂದೆ ಹೊಂಬಾಳಮ್ಮನಿಗೆ ಕೆಮ್ಮು ಜ್ವರ ಹತ್ತಿ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿದು, "ನಂಜಿ, ಹಸೆ ಪದ ಒಂದು ಹೇಳೆ, ಕೇಳಿ ಬಾಳ ದಿನ ಆಯ್ತು" ಅಂದಳು. ಚಿಕ್ಕನಂಜಮ್ಮ ಶುರು ಮಾಡಿದಳು. ಎರಡು ಸಾಲು ಸರಿಯಾಗಿ ಬಂತು. ಮೂರನೆಯದರಲ್ಲಿ ಗಂಟಲು ತಾನಾಗಿಯೇ ಮೇಲೆ ಹತ್ತಿ ಬಳುಕಲು ನೋಡಿತು. ಬೆಚ್ಚಿ ನಿಲ್ಲಿಸಿದಳು. "ಒಲೆ ಮೇಲೆ ಹಾಲದೆ ಕಣವ್ವ, ಆಮೇಲೆ ಹೇಳ್ತೀನಿ" ಎಂದು ಎದ್ದುಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆ 'ಆಮೇಲೆ' ಬರಲೇ ಇಲ್ಲ.

ನಾಲ್ಕು ದಿನಕ್ಕೆ, ಹೊತ್ತು ಏರುವ ಸಮಯದಲ್ಲಿ, ಸೊಸೆ ಬಾಯಿಗೆ ಬಿಟ್ಟ ನೀರು ಕುಡಿದು ಹೊಂಬಾಳಮ್ಮ ಹೋದಳು. ಮದ್ದೂರಿಗೆ ಆಳು ಓಡಿತು. ಚಲುವಮ್ಮ ಗಾಡಿ ಕಟ್ಟಿಸಿಕೊಂಡು ಬಂದು ತಾಯಿಯ ಕಾಲ ಮೇಲೆ ಬಿದ್ದಳು. ನಾಲ್ಕೂರಿನ ಹೆಂಗಸರು ಸೇರಿದರು. ಎಷ್ಟೊಂದು ಮದುವೆಗಳಿಗೆ ಹಾಡಿದವಳು, ಯಾರು ತಾನೇ ಬರದೆ ಇರುತ್ತಾರೆ? ಜಗುಲಿ ತುಂಬಿ ಅಂಗಳ ತುಂಬಿ ಬೇಲಿಯವರೆಗೂ ಜನ. ಹೆಣವನ್ನು ಕೂರಿಸಿದರು. ತಮಟೆ ನಿಂತಿತು. ಪಟ್ಟಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಎತ್ಕೊಳ್ಳವ್ವ ನಂಜಿ, ನಿಮ್ಮತ್ತೆ ಕಾಯ್ತಾ ಕುಂತವ್ಳೆ" ಅಂದಳು.

ಚಿಕ್ಕನಂಜಮ್ಮನಿಗೆ ಮಾತುಗಳನ್ನು ಹುಡುಕುವ ಕಷ್ಟವಿರಲಿಲ್ಲ. ಅವನ್ನೆಲ್ಲ ಸತ್ತವಳೇ ಹೇಳಿಕೊಟ್ಟಿದ್ದಳು. ದುಃಖವೂ ಸುಳ್ಳಲ್ಲ, ಹೊಟ್ಟೆಯ ಆಳದಿಂದ ಬರುತ್ತಿತ್ತು. ಕಣ್ಣು ಮುಚ್ಚಿ, ಅತ್ತೆಯ ಮಂಡಿಯ ಮೇಲೆ ಕೈಯಿಟ್ಟು, ಬಾಯಿ ತೆರೆದಳು.

"ಎಲ್ಲಿಗೋದ್ಯವ್ವ, ಹೊಂಬಾಳವ್ವೋ... ನಾಲ್ಕೂರ ಹಸೆಗೆ ದನಿಯಾದವ್ವೋ..."

ಹೆಂಗಸರು ಹಿಂದಿನಿಂದ ಹಿಡಿದರು. ಪಿಳೇಗಿನ ಗುಡಿಸಲು ಬಂತು, ಮೂರು ಮನೆ ಮಕ್ಕಳ ಅಂಬಲಿ ಬಂತು. ಹೆಂಗಸರ ಅಳು ಅಂದು ಏರಿದಂತೆ ಎಂದೂ ಏರಿರಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಗಂಡಸರೂ ಮೂಗು ಸೀಟಿಕೊಂಡರು. ನಾಲ್ಕನೆಯ ಸಾಲಿಗೆ ಚಿಕ್ಕನಂಜಮ್ಮ ಕಣ್ಣು ಬಿಟ್ಟಳು. ಎದುರಿಗೆ ಚಲುವಮ್ಮ ಅಳು ನಿಲ್ಲಿಸಿ ತನ್ನನ್ನೇ ನೋಡುತ್ತಿದ್ದಳು. ಅವಳ ಹಿಂದೆ ಅಂಕಯ್ಯ ಟವಲನ್ನು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿ ನಿಂತಿದ್ದ. ನಿಡಘಟ್ಟದ ಕಡೆಯ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆ ಬಗ್ಗಿಸಿದರು. ಅವರಲ್ಲಿ ಒಬ್ಬನ ಭುಜ ಅಲುಗುತ್ತಿತ್ತು.

ಆಗ ಚಿಕ್ಕನಂಜಮ್ಮನಿಗೆ ತನ್ನದೇ ದನಿ ಕೇಳಿಸಿತು. ಹೊಂಬಾಳವ್ವೋ ಎಂಬಲ್ಲಿ ಮೇಲೆ ಹತ್ತಿ, ಮೂರು ಸಲ ಬಳುಕಿ, ಬೀಳುವಾಗ ಗಂಟಲಲ್ಲಿ ಕತ್ತರಿಸಿದ ಆ ಸಣ್ಣ ನಗು. ಸಂಪಿಗೆ ಎಲ್ಲೋ. ಅತ್ತೆಯ ಹೆಣದ ಮುಂದೆ ಕೂತು, ಹೋಟೆಲಿನ ಹಿತ್ತಲಲ್ಲಿ ಕಲಿತ ಹಾಡಿನ ರಾಗ ಹಾಡುತ್ತಿದ್ದಳು.

ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೇಗೆ ನಿಲ್ಲಿಸುತ್ತಾಳೆ? ಹಿಂದೆ ಐವತ್ತು ಹೆಂಗಸರು ಆ ರಾಗವನ್ನು ಹಿಡಿದುಕೊಂಡಾಗಿತ್ತು. ಇವಳು ನಿಂತರೂ ಅವರು ನಿಲ್ಲರು. ಮುಂದಿನ ಸಾಲು ಕೊಡು ಎಂದು ಬಾಯಿ ನೋಡುತ್ತಿದ್ದರು. ಹಳೆಯ ರಾಗಕ್ಕೆ ಹೊರಳಬೇಕೆಂದು ಎರಡು ಸಲ ಪ್ರಯತ್ನಿಸಿದಳು. ಗಂಟಲು ಒಪ್ಪಲಿಲ್ಲ, ಹೆಂಗಸರೂ ಬಿಡಲಿಲ್ಲ. ನಾಚಿಕೆ ಕಾಲಿನಿಂದ ತಲೆಗೆ ಬಿಸಿಯಾಗಿ ಹತ್ತಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಾಗೆ ಅನ್ನಿಸುತ್ತಲೇ ಹೆಣ ಎತ್ತುವವರೆಗೂ ಆ ರಾಗದಲ್ಲೇ ಅಳಬೇಕಾಯಿತು.

ಮಣ್ಣು ಮುಗಿಸಿ ಬಂದ ಮೇಲೆ ಹೆಂಗಸರು ಒಬ್ಬೊಬ್ಬರೇ ಬಂದು ಅವಳ ಕೈ ಹಿಡಿದುಕೊಂಡರು. ಆ ಊರುಗಳ ಹೆಂಗಸರಲ್ಲಿ ಹೋಟೆಲಿನ ಹತ್ತಿರ ಸುಳಿದವರೇ ಇಲ್ಲ. ಅವರಿಗೆ ಏನು ಗೊತ್ತು? "ಎಂಥ ಅಳು ಅತ್ತೆ ಕಣವ್ವ! ಆ ಬಿಕ್ಕಳಿಕೆ ಅದೆಯಲ್ಲ, ಅದು ಕೇಳಿ ನನ್ ಕರುಳೇ ಕಿತ್ಕೊಂಡು ಬಂತು" ಅಂದಳು ಪಟ್ಟಲಮ್ಮ. ಚಿಕ್ಕನಂಜಮ್ಮನಿಗೆ ಕಪಾಳಕ್ಕೆ ಹೊಡೆಸಿಕೊಂಡ ಹಾಗಾಯಿತು. ಯಾರಾದರೂ ನಿಜವಾಗಿ ಹೊಡೆದಿದ್ದರೆ ಚೆನ್ನಾಗಿತ್ತು.

ಹೊಡೆಯುವವಳು ಕೊಟ್ಟಿಗೆಯಲ್ಲಿ ಕಾದಿದ್ದಳು.

"ಅತ್ಗೆ, ಅದು ಆ ಪ್ಲೇಟಿನ ಪದ ಅಲ್ವಾ?" ಅಂದಳು ಚಲುವಮ್ಮ. "ನಮ್ಮ ಬೀದಿ ಕೊನೇಲೂ ಹಾಕ್ತಾರೆ. ಪೋಲಿಗಳೆಲ್ಲ ಹಾಡ್ಕೊಂಡು ತಿರುಗ್ತಾವೆ."

ಚಿಕ್ಕನಂಜಮ್ಮ ತಲೆ ಬಗ್ಗಿಸಿದಳು.

"ನಂಗೆ ಗಂಟ್ಲಿಲ್ಲ, ನಿಂಗದೆ ಅಂತ ಅವ್ವ ನಿಂಗೆ ಒಪ್ಪಿಸ್ಬುಟ್ಟಿದ್ಲು. ನಾನು ಒಡಕು ಗಂಟ್ಲಲ್ಲೇ ಅತ್ತಿದ್ರೂ ಅವ್ವಂಗೆ ಇಷ್ಟು ಮಾನ ಹೋಗ್ತಿರ್ನಿಲ್ಲ ಕಣೆ."

ಅಷ್ಟೇ ಅಂದು ಹೊರಟುಹೋದಳು. ತಿಥಿಗೆ ಬಂದಳು, ಅತ್ತಿಗೆ ಬಡಿಸಿದ್ದನ್ನು ಮುಟ್ಟದೆ ಎಲೆ ಮಡಿಸಿದಳು. ಆಮೇಲೆ ತವರುಮನೆಯ ಹೊಸಿಲು ತುಳಿಯಲಿಲ್ಲ. ಅಂಕಯ್ಯನನ್ನು ಚಿಕ್ಕನಂಜಮ್ಮ ತಾನೇ ಕೇಳಿದಳು, ನಿಂಗೂ ಗೊತ್ತಾಯ್ತಾ ಎಂದು. "ನಾಲ್ಕು ತಿಂಗ್ಳಿಂದ ನನ್ ತಲೆ ತಿಂದ ಪದ, ಗೊತ್ತಾಗ್ದೆ ಇದ್ದಾದಾ?" ಅಂದ. ಬೈಯಲಿಲ್ಲ. ಮರುದಿನದಿಂದ ಮೊಸರಿನ ಮಡಕೆಯನ್ನು ತಾನೇ ಹೊತ್ತುಕೊಂಡು ನಿಡಘಟ್ಟಕ್ಕೆ ಹೋಗತೊಡಗಿದ.

ಆ ವರ್ಷ ಅವಳು ಯಾವ ಮದುವೆಗೂ ಹಾಡಲು ಹೋಗಲಿಲ್ಲ. ಅತ್ತೆ ಸತ್ತ ವರ್ಷ, ಪಾಪ, ಎಂದು ಜನ ಸುಮ್ಮನಾದರು. ಬಾಯಿಗೆ ಬೀಗ ಹಾಕಿಕೊಂಡು ಬೀಸಿದಳು, ಕುಟ್ಟಿದಳು, ಕಳೆ ಕಿತ್ತಳು. ಮುದ್ದೆಯಲ್ಲಿ ಗಂಟು ನಿಂತುಹೋಯಿತು. ಅಂಕಯ್ಯ ಮೆತ್ತಗಿನ ಮುದ್ದೆಯನ್ನು ಮುರಿದು ಅವಳ ಮುಖ ನೋಡುತ್ತಿದ್ದ. ಹುಲ್ಲು ಕೊಯ್ಯುವ ನೆಪದಲ್ಲಿ ಅತ್ತೆಯನ್ನು ಮಣ್ಣು ಮಾಡಿದ ಗುಡ್ಡೆಯ ಬಳಿ ಕೂತು, ಸುತ್ತ ಯಾರೂ ಇಲ್ಲದಾಗ, ಹಳೆಯ ರಾಗವನ್ನು ಹಿಡಿಯಲು ನೋಡುತ್ತಿದ್ದಳು. ಒಂದು ಸಾಲು ಬರುತ್ತಿತ್ತು, ಅರ್ಧಕ್ಕೆ ಜಾರುತ್ತಿತ್ತು. ತನ್ನ ಗಂಟಲೇ ತನಗೆ ಹೇಸಿಗೆಯಾಯಿತು. ಯಾವುದನ್ನೇ ಕೇಳಿದರೂ ಮೈಮರೆಯುವ ಈ ಬುದ್ಧಿ, ಅಪ್ಪ ಹೊಡೆದರೂ ಹೋಗದ ಈ ಬುದ್ಧಿ, ಹೆತ್ತವಳಿಗಿಂತ ಹೆಚ್ಚಾದವಳ ಸಾವನ್ನೂ ಬಿಡಲಿಲ್ಲವಲ್ಲ ಎಂದು ಒಬ್ಬಳೇ ಅಳುತ್ತಿದ್ದಳು. ಆ ಅಳುವಿಗೆ ರಾಗ ಇರಲಿಲ್ಲ.

ಮಳೆಗಾಲದಲ್ಲಿ ಒಂದು ದಿನ ರಾಗಿ ಹೊಲದಲ್ಲಿ ಬಗ್ಗಿ ಕಳೆ ಕೀಳುವಾಗ, 'ಇಳೀಬ್ಯಾಡ, ಅಲ್ಲೇ ನಿಲ್ಲು' ಎಂದು ಹೊಂಬಾಳಮ್ಮ ತಿದ್ದುತ್ತಿದ್ದ ದನಿ ಕಿವಿಯಲ್ಲಿ ಹೇಳಿದ ಹಾಗಾಯಿತು. ನಿಂತಳು. ರಾಗ ನಿಂತಿತು. ಕಂಪಿಸಿ, ಮೆಲ್ಲಗೆ ಇಳಿಯಿತು. ಹೊಲದಲ್ಲೇ ಕುಕ್ಕರಗಾಲಲ್ಲಿ ಕೂತು ಮೊದಲಿಂದ ಕೊನೆಯವರೆಗೆ ಹೇಳಿಕೊಂಡಳು. ಸರಿಯಾಗಿತ್ತು, ಒಂದು ಕೂದಲೆಳೆಯಷ್ಟೂ ಜಾರಲಿಲ್ಲ. ಹಿಗ್ಗಲೂ ಆಗಲಿಲ್ಲ ಅವಳಿಗೆ. ಬರಬೇಕಾದಾಗ ಬಾರದ್ದು ಈಗ ಬಂದು ಏನು ಮಾಡಬೇಕು? ಆದರೂ ಮುಂದಿನ ಸಾವಿನಲ್ಲಾದರೂ ಸರಿಮಾಡುತ್ತೇನೆ, ಚಲುವಿಯ ಕಿವಿಗೂ ಹೋಗಿ ಬೀಳುತ್ತದೆ ಎಂದು ಒಂದು ಆಸೆ ಹುಟ್ಟಿತು. ಊರಿನಲ್ಲಿ ಸಾವಾಗಲಿ ಎಂದು ಕಾಯುವುದೂ ಪಾಪವೇ, ಅದಕ್ಕೂ ನಾಚಿಕೊಂಡಳು.

ಹೊಂಬಾಳಮ್ಮ ಹೋಗಿ ವರ್ಷ ತುಂಬುವುದರೊಳಗೆ ಪಟ್ಟಲಮ್ಮ ಹೋದಳು. ತವರಿಗೆ ಹೋಗಿದ್ದ ಚಿಕ್ಕನಂಜಮ್ಮ ಸುದ್ದಿ ತಿಳಿದು ಬಂದು, ಸೀರೆ ಬದಲಿಸಿಕೊಂಡು ಆ ಮನೆಯ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಹೆಂಗಸರು ಶುರು ಮಾಡಿಬಿಟ್ಟಿದ್ದರು. ಎತ್ತಿಕೊಡುತ್ತಿದ್ದವಳು ಪಟ್ಟಲಮ್ಮನ ಸೊಸೆ ಪುಟ್ಟಮಾದಮ್ಮ. "ಎಲ್ಲಿಗೋದ್ಯವ್ವ, ಪಟ್ಟಲವ್ವೋ..." ಎಂದು ದನಿ ಮೇಲೆ ಹತ್ತಿತು, ಮೂರು ಸಲ ಬಳುಕಿತು. ಮೂವತ್ತು ಹೆಂಗಸರು ಹಿಂದಿನಿಂದ ಬಳುಕಿಸಿದರು, ಒಟ್ಟಿಗೆ ಬಿಕ್ಕಿದರು. ಹೆಂಗಸರ ನಡುವೆ, ಮದ್ದೂರಿನಿಂದ ಬಂದ ಚಲುವಮ್ಮ, ತನ್ನ ಚಿಕ್ಕವ್ವನ ಹೆಣದ ಪಕ್ಕ, ಬಾಯಿ ಬಿಗಿದುಕೊಂಡು ಕೂತಿದ್ದಳು.

"ನಿಲ್ಸ್ರವ್ವ!" ಅಂದಳು ಚಿಕ್ಕನಂಜಮ್ಮ.

ಎಲ್ಲರೂ ತಿರುಗಿ ನೋಡಿದರು. ಸಾವಿನ ಮನೆಯಲ್ಲಿ ಅಳು ನಿಲ್ಲಿಸಿ ಎಂದವರನ್ನು ಅವರು ಕಂಡಿರಲಿಲ್ಲ.

"ಇದು ಅಳೋ ರಾಗ ಅಲ್ಲ ಕಣ್ರವ್ವ. ನಿಡಘಟ್ಟದ ಓಟ್ಲಲ್ಲಿ ಹಾಕೋ ಪ್ಲೇಟಿನ ಪದ. ಗಂಡನ್ನ ಬಾಗ್ಲಲ್ಲಿ ನಿಲ್ಸಿ ಚೇಷ್ಟೆ ಮಾಡೋ ಪದ. ನಮ್ಮತ್ತೆಗೆ ನಾನು ಇದ್ರಲ್ಲಿ ಅತ್ತೆ. ಬೇಕು ಅಂತ ಅಳ್ನಿಲ್ಲ. ಹಗ್ಲೂ ರಾತ್ರಿ ಹಾಡ್ಕಂಡು ಬಾಯಿ ಕೆಡಿಸ್ಕಂಡಿದ್ದೆ, ಬಂದ್ಬುಡ್ತು. ನಮ್ಮತ್ತೆ ಮಾನ ಕಳ್ದೆ. ನಿಮ್ಮೆಲ್ರ ಬಾಯೂ ಕೆಡಿಸ್ದೆ. ಈಗ ಸರಿಯಾಗಿ ನಾನು ಹೇಳ್ತೀನಿ, ಬನ್ನಿ."

ಅವಳು ಹೆಣದ ಮುಂದೆ ಕೂತು ಹಳೆಯ ರಾಗವನ್ನು ಎತ್ತಿಕೊಂಡಳು. ಹೊಂಬಾಳಮ್ಮನೇ ಬಂದು ಕೂತಂತೆ ಇತ್ತು ಅದು. ಇಬ್ಬರು ಮುದುಕಿಯರು ಹಿಂದಿನಿಂದ ಹಿಡಿಯಲು ನೋಡಿದರು, ಉಸಿರು ಸಾಲಲಿಲ್ಲ. ಚಿಕ್ಕ ವಯಸ್ಸಿನ ಹೆಂಗಸರು ಎಲ್ಲಿ ಸೇರಬೇಕೋ ತಿಳಿಯದೆ ತುಟಿ ಅಲುಗಿಸಿ ಸುಮ್ಮನಾದರು. ಐದು ಸಾಲು ಒಬ್ಬಳೇ ಹೇಳಿದಳು. ಅಂಗಳದಲ್ಲಿ ಮಗುವೊಂದು ಕೆಮ್ಮಿದ್ದು ಕೇಳಿಸಿತು. ಅಳು ಆರಿಹೋಗಿತ್ತು.

ಪುಟ್ಟಮಾದಮ್ಮ ಅವಳ ಮೊಣಕೈ ಮುಟ್ಟಿದಳು. ಕಣ್ಣು ಊದಿಕೊಂಡಿತ್ತು.

"ಬ್ಯಾಡ ಕಣಕ್ಕ. ನಂಗೆ ಇದ್ರಲ್ಲಿ ಅಳು ಬತ್ತಿಲ್ಲ. ಓಟ್ಲದೋ ಯಾತರದೋ, ನಂಗೇನು ಗೊತ್ತು? ನಮ್ಮತ್ತೆ ಸಾಯೋಕೆ ಮುಂಚೆ ಹೇಳಿದ್ಲು, ಹೊಂಬಾಳಕ್ಕಂಗೆ ನಂಜಿ ಅತ್ಲಲ್ಲ, ಹಂಗೇ ನಂಗೂ ಅಳಿಸ್ಬೇಕು ಅಂತ. ಮಾತು ಕೊಟ್ಟಿದ್ದೀನಿ. ಅದನ್ನೇ ಎತ್ಕೊಡು."

ಚಿಕ್ಕನಂಜಮ್ಮ ಚಲುವಮ್ಮನ ಮುಖ ನೋಡಿದಳು. ಬೈದುಬಿಡಲಿ, ಎದ್ದು ಹೋಗೆ ಎಂದು ಅಂದುಬಿಡಲಿ ಎಂದು ಕಾದಳು. ಕೊಟ್ಟಿಗೆಯ ಆ ದಿನದ ಮೇಲೆ ಚಲುವಮ್ಮ ಅತ್ತಿಗೆಯ ಹತ್ತಿರ ಆಡಿದ ಮೊದಲ ಮಾತು ಇದು:

"ಎತ್ಕೊಡು. ಎಷ್ಟೊತ್ತು ಕೂರಿಸ್ತೀಯ ಚಿಕ್ಕವ್ವನ್ನ?"

ಚಿಕ್ಕನಂಜಮ್ಮ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಯಾರಿಗೂ ಕಾಣದ ಹಾಗೆ, ಹೋಟೆಲಿನ ರಾಗವನ್ನು ಎತ್ತಿಕೊಟ್ಟಳು. ಹೆಂಗಸರು ಹಿಡಿದರು. ಅಳು ಉಕ್ಕಿತು. ಆ ಗದ್ದಲದ ನಡುವೆ ಒಡಕು ಗಂಟಲೊಂದು ಸೇರಿಕೊಂಡದ್ದು ಅವಳಿಗೆ ಕೇಳಿಸಿತು. ಅದು ಕ್ಷಮಿಸಿ ಸೇರಿತೋ, ಸತ್ತ ಚಿಕ್ಕವ್ವನಿಗಾಗಿ ಸೇರಿತೋ, ಅವಳು ಕೇಳಲಿಲ್ಲ.

ಅಲ್ಲಿಂದ ಮುಂದೆ ಆ ನಾಲ್ಕೂರಲ್ಲಿ ಯಾರು ಸತ್ತರೂ ಅದೇ ರಾಗ, ಎತ್ತಿಕೊಡಲು ಅವಳೇ ಬೇಕು. ಕರೆಯಲು ಬಂದಾಗಲೆಲ್ಲ ಹೋಗುತ್ತಿದ್ದಳು, ಪ್ರತಿ ಸಲವೂ ಮುಖ ಮುಚ್ಚಿಕೊಂಡೇ ಹಾಡುತ್ತಿದ್ದಳು. ಎಂಥ ಗರತಿ ನೋಡಿ, ಎಷ್ಟು ಸಂಕೋಚ, ಎಂದು ಬೇರೆ ಊರಿನವರು ಹೊಗಳುತ್ತಿದ್ದರು. ಅಂಕಯ್ಯನಿಗೆ ಮಾತ್ರ ಅವಳು ಒಂದು ಮಾತು ಹೇಳಿಟ್ಟಿದ್ದಳು. ತಾನು ಸತ್ತ ದಿನ ಯಾರನ್ನೂ ಕರೆಯಬೇಡ, ಯಾರಿಂದಲೂ ಹಾಡಿಸಬೇಡ, ಸುಮ್ಮನೆ ಎತ್ತಿಕೊಂಡು ಹೋಗಿ ಮಣ್ಣು ಮಾಡು ಎಂದು.